ಒಲೆಯ ಹಿಂದಿನ ಸೀಟಿ ಪೆಟ್ಟಿಗೆ

ನಮ್ಮ ಮನೆಯಲ್ಲಿ ಥಂಡಿ ಹಿಡಿಯಬಾರದ ವಸ್ತುಗಳಿಗೆಲ್ಲ ಒಂದೇ ಜಾಗ, ಒಲೆಯ ಹಿಂದಿನ ಗೋಡೆಯ ಗೂಡು. ಉಪ್ಪಿನ ಭರಣಿ, ಬೆಂಕಿಪೊಟ್ಟಣ, ಹಪ್ಪಳದ ಡಬ್ಬಿ, ಅಪ್ಪನ ವಿಭೂತಿ ಗಟ್ಟಿ, ಬಿತ್ತನೆಗೆಂದು ಅಮ್ಮ ಕಟ್ಟಿಟ್ಟ ಸೌತೆಬೀಜದ ಗಂಟು. ಇವೆಲ್ಲದರ ಬೆನ್ನಿಗೆ, ನಡುವೆ ಒಂದು ತಗಡು ಬಿಟ್ಟು, ನನ್ನ ಹೊಟ್ಟೆಕಿಚ್ಚಿನ ಪೆಟ್ಟಿಗೆ. ಹೊಟ್ಟೆಕಿಚ್ಚಿನ ಪೆಟ್ಟಿಗೆ ಎಂದು ನಾನು ಮಾತ್ರ ಮನಸ್ಸಿನೊಳಗೆ ಕರೆಯುತ್ತಿದ್ದದ್ದು. ಮನೆಯವರೆಲ್ಲ ಅದನ್ನು ಸೀಟಿ ಪೆಟ್ಟಿಗೆ ಎನ್ನುತ್ತಿದ್ದರು. ಅಪ್ಪ ಒಬ್ಬರೇ ಅದನ್ನು ಆಸಿಲೇಟರ್ ಎಂದು ಪೂರ್ತಿ ಹೆಸರು ಹಿಡಿದು, ಮನೆಗೆ ಬಂದ ಬೀಗರನ್ನು ಮಾತಾಡಿಸುವ ಹಾಗೆ ಮರ್ಯಾದೆಯಿಂದ ಕರೆಯುತ್ತಿದ್ದರು.

ಈಗ ಆ ಪೆಟ್ಟಿಗೆ ಮತ್ತೆ ಸೀಟಿ ಹೊಡೆದಿದೆ. ನನ್ನ ಮೊಮ್ಮಗಳು ಸಿಂಚನ ಹೊಡೆಸಿದ್ದಾಳೆ! ಈ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯದೆ ನಾನು ಹಾಲು ತಂದವನಿಗೆ ಹೇಳಿದೆ, ಮೂಡಿಗೆರೆ ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಅಂಗಡಿಗೆ ಬಂದ ಎಸ್ಟೇಟಿನ ಮೇಸ್ತ್ರಿಯನ್ನು ನಿಲ್ಲಿಸಿಕೊಂಡು ಹೇಳಿದೆ. ಎಲ್ಲರೂ ‘ಹಳೆ ರೇಡಿಯೋ ರಿಪೇರಿ ಆಯ್ತಾ ಅಜ್ಜಿ, ಒಳ್ಳೇದಾಯ್ತು ಬಿಡಿ’ ಎಂದು ತಮ್ಮ ದಾರಿ ಹಿಡಿದರು. ರೇಡಿಯೋ ಅಲ್ಲ ಮಾರಾಯರೆ. ರೇಡಿಯೋ ಬರೀ ಕೇಳುವುದಕ್ಕೆ, ಇದು ಮಾತಾಡುವುದಕ್ಕೆ. ಆದರೆ ಅಷ್ಟು ಹೇಳಿದರೂ ಅವರಿಗೆ ನನ್ನ ಸಂತೋಷದ ಕಾಲುಭಾಗವೂ ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಮೊದಲು ಆ ಗೋಡೆ ಗೊತ್ತಾಗಬೇಕು. ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ಕೂತ ಇಬ್ಬರು ಹುಡುಗಿಯರು ಗೊತ್ತಾಗಬೇಕು. ಅದಕ್ಕೇ ನಾಲ್ಕನೇ ಕ್ಲಾಸಿಗೆ ನಿಂತುಹೋದ ನನ್ನ ಅಕ್ಷರವನ್ನು ಮತ್ತೆ ಎಬ್ಬಿಸಿ ಕೂರಿಸಿದ್ದೇನೆ.

ಗೋಣಿಬೀಡಿನ ನಮ್ಮ ಮನೆಯೆಂದರೆ ಮುಂದೆ ಅಂಗಡಿ, ಹಿಂದೆ ಅಡಿಗೆಮನೆ, ನಡುವೆ ನಡುಮನೆ. ಅಂಗಡಿಯಲ್ಲಿ ಗೋಣಿಚೀಲ, ಅಚ್ಚುಬೆಲ್ಲ, ಸೀಮೆಎಣ್ಣೆ, ಲಾಟೀನಿನ ಗಾಜು, ಟಾರ್ಚಿನ ಸೆಲ್ಲು. ನಡುಮನೆಯಲ್ಲಿ ಅರ್ಧ ಭಾಗ ಅಂಗಡಿಯ ಮೂಟೆಗಳು, ಉಳಿದರ್ಧದಲ್ಲಿ ನಾವು ಮಲಗಬೇಕು. ಬೆಲ್ಲದ ವಾಸನೆ ಮತ್ತು ಸೀಮೆಎಣ್ಣೆ ವಾಸನೆ ಸೇರಿದರೆ ಒಂದು ಮೂರನೇ ವಾಸನೆ ಹುಟ್ಟುತ್ತದೆ, ಅದೇ ನನಗೆ ತವರಿನ ವಾಸನೆ. ತವರೆಂದರೂ ಅದೇ, ಗಂಡನ ಮನೆಯೆಂದರೂ ಅದೇ. ನನ್ನ ಯಜಮಾನರು ಮನೆ ಅಳಿಯನಾಗಿ ಬಂದವರು, ಹಾಗಾಗಿ ನಾನು ಆ ಗೋಡೆಯನ್ನು ಬಿಟ್ಟು ಹೋಗಲೇ ಇಲ್ಲ. ಗೋಡೆಯಲ್ಲಿ ಮೊದಲು ಈ ಕಡೆಯಿಂದ ಆ ಕಡೆಗೆ ತೆರೆದಿದ್ದ ಗೂಡಿಗೆ ಅಪ್ಪ ನಡುವೆ ಒಂದು ತಗಡು ಹೊಡೆದು ಎರಡು ಮಾಡಿದ್ದರು. ಅಡಿಗೆಮನೆ ಕಡೆಯ ಪಾಲು ಅಮ್ಮನ ಉಪ್ಪಿಗೆ, ನಡುಮನೆ ಕಡೆಯ ಪಾಲು ಅಪ್ಪನ ಪೆಟ್ಟಿಗೆಗೆ. ಗೂಡಿನ ಪಕ್ಕದಲ್ಲೇ ಅಪ್ಪನ ಮೇಜು. ಮೇಜಿನ ಮೇಲೆ ದೊಡ್ಡ ಪೆಟ್ಟಿಗೆ, ಅಂದರೆ ಮಾತನ್ನು ಗಾಳಿಗೆ ಎಸೆಯುವ ಟ್ರಾನ್ಸ್‌ಮಿಟರ್. ಅದರ ಪಕ್ಕ ಆಚೆಯವರ ಮಾತು ಕೇಳಿಸುವ ರಿಸೀವರ್. ಮೇಜಿನ ಮಗ್ಗುಲಿಗೆ ಸೀಮೆಎಣ್ಣೆ ಡಬ್ಬಿಯೊಂದನ್ನು ಬೋರಲು ಹಾಕಿ, ಮೇಲೆ ಗೋಣಿ ಮಡಿಸಿಟ್ಟ ಒಂದು ಆಸನ. ಈ ಲೋಕದಲ್ಲಿ ನಾನು ಆಸೆಪಟ್ಟ ಸಿಂಹಾಸನ ಅದೊಂದೇ.

ದೊಡ್ಡ ಪೆಟ್ಟಿಗೆ ಮೊದಲು ಹತ್ತಿರದ ಎಸ್ಟೇಟಿನ ದೊರೆಯದು. ಆತ ಸೀಮೆಗೆ ಹೊರಟು ನಿಂತಾಗ, ತನ್ನ ಸಾಮಾನಿನಲ್ಲಿ ಇದೊಂದರ ಬಗ್ಗೆ ಮಾತ್ರ ಮತ್ತೆ ಮತ್ತೆ ಕೇಳುತ್ತಿದ್ದ ಅಂಗಡಿಯವನಿಗೆ ಅದನ್ನು ಕೊಟ್ಟುಹೋದ. ಅದರಲ್ಲಿ ಮಾತಾಡಬೇಕಾದರೆ ಸರ್ಕಾರದ ಪರವಾನಗಿ ಬೇಕು, ಪರವಾನಗಿಗೆ ಪರೀಕ್ಷೆ ಪಾಸಾಗಬೇಕು. ಅಪ್ಪ ತಂತಿಯವರ ಟಕ್‌ಟಕ್ ಭಾಷೆಯನ್ನು ತಕ್ಕಡಿಯ ತಟ್ಟೆಯ ಮೇಲೆ ತೂಕದ ಕಲ್ಲಿನಿಂದ ಕುಟ್ಟಿ ಕುಟ್ಟಿ ಕಲಿತರು. ಬೆಲ್ಲ ತೂಗಿಸಿಕೊಳ್ಳಲು ಬಂದವರು ‘ಶಿವಣ್ಣೋರೆ, ತೂಕ ಮಾಡಿ ಅಂದ್ರೆ ತಾಳ ಹಾಕ್ತೀರಲ್ಲ’ ಎಂದು ನಗುತ್ತಿದ್ದರು. ಅಂತೂ ಪಾಸಾದರು. ಆಮೇಲಿಂದ ನಮ್ಮ ಮನೆಯ ಸಂಜೆಗೆ ಒಂದು ಕ್ರಮ ಬಂತು. ಅಂಗಡಿಯ ಅರ್ಧ ಬಾಗಿಲು ಹಾಕುವುದು, ಸ್ನಾನ, ಲಿಂಗಪೂಜೆ. ಪೂಜೆಗೆ ಕೂತವರು ಮಾತಾಡುವಂತಿಲ್ಲ. ಪೂಜೆ ಮುಗಿದು, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಅಪ್ಪ ಮೇಜಿಗೆ ಹೋಗಿ ಕೂತು, ಪೆಟ್ಟಿಗೆಯೊಳಗಿನ ಬಲ್ಬುಗಳು ಬಿಸಿಯಾಗುವ ತನಕ ಕಾದು, ಬಾಯಿ ತೆರೆದು ಆಡುವ ಮೊದಲ ಮಾತು ಮೈಕಿಗೆ. ಆ ಕಡೆ ಘಟ್ಟದ ಕೆಳಗೆ, ಮಂಗಳೂರಿನಲ್ಲಿ, ಒಬ್ಬ ಡಾಕ್ಟರು ಕಾದಿರುತ್ತಿದ್ದರು. ಅವರ ಮುಖವನ್ನು ನಾವು ಯಾರೂ ನೋಡಿರಲಿಲ್ಲ. ಅಮ್ಮ ರೊಟ್ಟಿ ತಟ್ಟುತ್ತಾ ಗೋಡೆಗೆ ಹೇಳುತ್ತಿದ್ದಳು:

“ಇಡೀ ದಿನ ಗಿರಾಕಿಗಳ ಹತ್ರ ಮಾತು. ಪೂಜೆ ಆದ್ಮೇಲಿನ ಮಡಿ ಮಾತು ಆ ಡಾಕ್ಟ್ರಿಗೆ. ನಂಗೆ ಉಳಿಯೋದು ‘ಪಲ್ಯಕ್ಕೆ ಉಪ್ಪು ಕಮ್ಮಿ’ ಅನ್ನೋದೊಂದೇ.”

ಹೊಟ್ಟೆಕಿಚ್ಚು ನನ್ನೊಬ್ಬಳದೇ ಅಲ್ಲ, ಮನೆಗೇ ಇತ್ತು ಎನ್ನುವುದಕ್ಕೆ ಹೇಳಿದೆ.

ದೊಡ್ಡ ಪೆಟ್ಟಿಗೆಗೆ ಒಂದು ಕೊರತೆ. ಅದರ ಎದೆಯಲ್ಲಿ ಎರಡು ತೂತು, ಆ ತೂತಿಗೆ ಎರಡು ಕಾಲಿನ ಒಂದು ಪುಟ್ಟ ಬಿಲ್ಲೆ ಚುಚ್ಚಬೇಕು, ಅದಕ್ಕೆ ಕ್ರಿಸ್ಟಲ್ ಎನ್ನುತ್ತಿದ್ದರು. ಒಂದು ಬಿಲ್ಲೆಗೆ ಗಾಳಿಯಲ್ಲಿ ಒಂದೇ ಜಾಗ. ರೇಡಿಯೋದ ಮುಳ್ಳು ತಿರುಗಿಸಿದಂತೆ ಆಚೀಚೆ ಸರಿಯಲು ಬರುವುದಿಲ್ಲ. ದೊರೆ ಬಿಟ್ಟುಹೋದದ್ದು ಒಂದೇ ಬಿಲ್ಲೆ. ಆ ಜಾಗದಲ್ಲಿ ಬೇರೆ ಯಾರಾದರೂ ಗದ್ದಲ ಮಾಡುತ್ತಿದ್ದರೆ ಡಾಕ್ಟರು ‘ಸ್ವಲ್ಪ ಆಚೆ ಬನ್ನಿ ಶಿವಣ್ಣೋರೆ’ ಎನ್ನುವರು, ಅಪ್ಪ ‘ಹೆಂಗೆ ಬರ್ಲಿ ಡಾಕ್ಟ್ರೆ, ಗೂಟಕ್ಕೆ ಕಟ್ಟಿದ ದನ ನಾನು’ ಎನ್ನುವರು. ಕಡೆಗೆ ಡಾಕ್ಟರೇ ಗಾಳಿಯಲ್ಲಿ ಒಂದೊಂದೇ ತಂತಿ, ಒಂದೊಂದೇ ಸುರುಳಿ ಹೇಳಿಕೊಟ್ಟು ಅಪ್ಪನಿಂದ ಸೀಟಿ ಪೆಟ್ಟಿಗೆ ಮಾಡಿಸಿದರು. ಬಿಲ್ಲೆಯನ್ನು ಕಿತ್ತು, ಆ ಎರಡು ತೂತಿಗೆ ಈ ಪೆಟ್ಟಿಗೆಯ ತಂತಿ ಚುಚ್ಚಿದರೆ, ಆಮೇಲೆ ಸೀಟಿ ಪೆಟ್ಟಿಗೆಯ ಗುಂಡಿ ತಿರುಗಿಸಿದಲ್ಲಿಗೆ ದೊಡ್ಡ ಪೆಟ್ಟಿಗೆ ಬರುತ್ತದೆ. ದನದ ಹಗ್ಗ ಬಿಚ್ಚಿದ ಹಾಗೆ.

ಅದನ್ನು ಜೋಡಿಸಿದ ದಿನ ಟಾರ್ಚು ಹಿಡಿದವಳು ನಾನು. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಮರೆತರು. ಡಬ್ಬಿಯ ಮೇಲೆ ಕೂತು ಟಾರ್ಚು ಹಿಡಿದವಳು ನಾನು, ಸ್ಕ್ರೂಗಳನ್ನು ಅಂಗೈಯಲ್ಲಿ ಕಾದವಳು ನಾನು. ಮೊದಲ ಸಲ ಚುಚ್ಚಿದಾಗ ಬಂದದ್ದು ಜೇನುಗೂಡಿಗೆ ಕೈ ಹಾಕಿದಂಥ ಗುಂಯ್ ಸದ್ದು. ಅಪ್ಪ ಹೆದರಲಿಲ್ಲ. ತಂತಿಯ ಮೇಲಿನ ಬಲೆಯಂಥ ಹೊದಿಕೆಯನ್ನು ಸುಲಿದು ಪೆಟ್ಟಿಗೆಯ ಕಬ್ಬಿಣದ ಮೈಗೆ ಬೆಸೆದರು, ಉದ್ದ ತಂತಿಯನ್ನು ಗೇಣಷ್ಟಕ್ಕೆ ಕತ್ತರಿಸಿದರು. ಗುಂಯ್ ಸತ್ತಿತು. ಗಾಳಿಗೆ ಬಿಡುವ ಮುಂಚೆ ಪರೀಕ್ಷೆಗೆಂದು, ಹೊರಗಿನ ಏರಿಯಲ್ ತಂತಿಯ ಬದಲು ಒಂದು ಸಾದಾ ಬಲ್ಬನ್ನು ದೊಡ್ಡ ಪೆಟ್ಟಿಗೆಗೆ ಕಟ್ಟಿದರು.

“ಗೌರಿ, ದೀಪ ನೋಡ್ತಾ ಇರು. ಹತ್ತಿದ್ರೆ ಹೇಳು.”

“ಹತ್ತಿತು ಅಪ್ಪಾ! ಹತ್ತಿತು!”

ಆ ದೀಪದ ಕೆಂಪು ನನ್ನ ಮುಖದ ಮೇಲೆ ಬಿದ್ದದ್ದು ಈಗಲೂ ಬಿಸಿಯಾಗಿ ನೆನಪಿದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಮನೆಯ ರಾಣಿ ನಾನು ಎಂದುಕೊಂಡೆ. ಎಷ್ಟು ದಿನ? ಗಂಗೆ ಬರುವ ತನಕ.

ಗಂಗೆ ನನ್ನ ಸೋದರತ್ತೆಯ ಮಗಳು, ಕಳಸದವಳು, ನನಗಿಂತ ಸ್ವಲ್ಪ ದೊಡ್ಡವಳು. ಮುಂದೆ ಓದಲಿ ಎಂದು ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟರು. ಅದೇ ಹೊತ್ತಿಗೆ ಅಮ್ಮನಿಗೆ ಮಂಡಿನೋವು ಹಿಡಿದು, ಅಡಿಗೆಮನೆಗೆ ಒಂದು ಜೊತೆ ಕೈ ಬೇಕಾಗಿ ನನ್ನ ಶಾಲೆ ನಿಂತಿತ್ತು. ನನಗೇನೂ ಶಾಲೆಯ ಮೇಲೆ ಪ್ರಾಣವಿರಲಿಲ್ಲ, ಆದರೆ ನಾನು ಬಿಟ್ಟ ಬಾಗಿಲಿನಲ್ಲೇ ಇವಳು ರಿಬ್ಬನ್ನು ಕಟ್ಟಿಕೊಂಡು ಹೊರಗೆ ಹೋಗುವುದನ್ನು ದಿನಾ ನೋಡಬೇಕಲ್ಲ! ಊರಿನವರಿಗೆ ನಮ್ಮ ಹೆಸರುಗಳೇ ತಮಾಷೆ. ‘ಗಂಗೆ ಗೌರಿ ಇಬ್ಬರನ್ನೂ ಒಂದೇ ಸೂರಿನಡಿ ಇಟ್ಟುಕೊಂಡಿದ್ದೀರಲ್ಲ ಶಿವಣ್ಣೋರೆ, ನಿಮಗೆ ಧೈರ್ಯ ಜಾಸ್ತಿ’ ಎನ್ನುತ್ತಿದ್ದರು. ಗಂಗೆ ಬಂದ ಹೊಸದರಲ್ಲಿ ಅಪ್ಪನ ಮೇಜಿನ ಹಿಂದೆ ಸುಮ್ಮನೆ ಕೈಕಟ್ಟಿ ನಿಲ್ಲುತ್ತಿದ್ದಳು. ಒಂದು ಸಂಜೆ ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಅಕ್ಷರ ಓದಿದಳು. ಮರುದಿನ ಅಪ್ಪ ಅವಳಿಗೆ ಗುಂಡಿ ಹೇಗೆ ತಿರುಗಿಸುವುದೆಂದು ತೋರಿಸಿದರು. ಆಚೆಯವರು ನಿಂತ ಜಾಗದ ಹತ್ತಿರ ನಮ್ಮ ಗುಂಡಿ ಬಂದರೆ ರಿಸೀವರಿನಲ್ಲಿ ಒಂದು ಸೀಟಿ ಏಳುತ್ತದೆ. ಇನ್ನೂ ಹತ್ತಿರ ಬಂದಂತೆ ಸೀಟಿ ಇಳಿಯುತ್ತದೆ, ಹಕ್ಕಿಯ ದನಿಯಿಂದ ಕಪ್ಪೆಯ ದನಿಗೆ, ಕಪ್ಪೆಯಿಂದ ಬೆಕ್ಕಿನ ಗುರುಗುರುವಿಗೆ. ಆಮೇಲೆ ಏನೂ ಇಲ್ಲ. ಆ ‘ಏನೂ ಇಲ್ಲ’ದಲ್ಲಿ ನಿಲ್ಲಿಸಬೇಕು. ಅದೇ ಸರಿಯಾದ ಜಾಗ. ಗಂಗೆ ಮೊದಲ ಸಲಕ್ಕೇ ನಿಲ್ಲಿಸಿಬಿಟ್ಟಳು.

“ಭಲೇ ಹುಡುಗಿ! ಏನು ಕೈ ಮಾರಾಯ್ತಿ ನಿಂದು!” ಎಂದರು ಅಪ್ಪ.

“ನಾನು, ಅಪ್ಪ, ನಾನು ತಿರುಗಿಸ್ತೀನಿ,” ಎಂದು ನಾನು ಹಿಟ್ಟಿನ ಕೈಯಲ್ಲೇ ಓಡಿ ಬಂದೆ.

“ನಿಂದು ಸಕ್ಕರೆ ಡಬ್ಬಿ ಮುಚ್ಚಳ ತೆಗೆಯೋ ಕೈ ಕಣೆ. ಇದನ್ನ ತಿರುಗಿಸೋದಲ್ಲ, ಸವರೋದು. ಹೋಗು, ರೊಟ್ಟಿ ಸೀದೀತು.”

ಅಷ್ಟೇ. ಅಪ್ಪ ತಮಾಷೆಗೆ ಹೇಳಿದ ಮಾತು, ಅವರಿಗೆ ಮರುಕ್ಷಣವೇ ಮರೆತಿರುತ್ತದೆ. ಗಂಗೆ ಡಬ್ಬಿಯ ಮೇಲೆ ಕೂತಳು. ನಾನು ಗೋಡೆಯ ಈಚೆ ಬಂದೆ. ಆ ಸಂಜೆಯ ರೊಟ್ಟಿ ಸೀದಿತು, ಸೀದ ಭಾಗವನ್ನೆಲ್ಲ ಆಯ್ದು ನಾನು ಅವಳ ತಟ್ಟೆಗೆ ಹಾಕಿದೆ. ಅವಳು ಅದನ್ನೇ ಕರಕರ ಕಡಿದು ‘ಅತ್ತೆ, ಇದು ಭಾರಿ ಚೆನ್ನಾಗಿದೆ’ ಎಂದಳು. ಇಂಥವಳ ಮೇಲೆ ಸೇಡು ತೀರಿಸಿಕೊಳ್ಳುವುದಾದರೂ ಹೇಗೆ!

ಗೋಡೆಯ ಈಚೆ ಕೂತು ನನಗೆ ಕಿವಿ ಬೆಳೆಯಿತು. ಕಾಣದ್ದನ್ನೆಲ್ಲ ಕೇಳಿಸಿಕೊಂಡೆ. ಗುಂಡಿ ಸರಿಯಿತು, ಸೀಟಿ ಎದ್ದಿತು, ಈಗ ಇಳಿಯುತ್ತಿದೆ, ಈಗ ಗುರುಗುರು, ಈಗ ನಿಂತಿತು. ಅವಳು ಒಂದು ಕೂದಲಷ್ಟು ಮುಂದೆ ಹೋದರೆ ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ಆಮೇಲೆ ಅಪ್ಪ, ಗಂಗೆ, ಅಷ್ಟು ದೂರದಿಂದ ಡಾಕ್ಟರು, ಮೂವರೂ ಯಾವುದಕ್ಕೋ ನಗುವರು. ಆ ನಗು ಬಂತೆಂದರೆ ನಾನು ಅಮ್ಮನಿಗೆ ಏನಾದರೂ ಹೇಳಿ ಅವಳನ್ನು ಗಟ್ಟಿಯಾಗಿ ನಗಿಸುತ್ತಿದ್ದೆ. ಅಂಗಡಿಯ ಗಿರಾಕಿಗಳ ನಡಿಗೆ ಮಾಡಿ ತೋರಿಸುವುದು, ಸೌಟು ಹಿಡಿದು ‘ಹಲೋ ಹಲೋ ಡಾಕ್ಟ್ರೆ, ನನ್ನ ಮಂಡಿ ನೋವು’ ಎನ್ನುವುದು. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುವಳು. ಮಲಗುವಾಗ ಗಂಗೆ ಕೇಳುವಳು, ‘ನೀನು ಅತ್ತೆ ಇಬ್ರೂ ಒಳಗೆ ಎಂತಕ್ಕೆ ಅಷ್ಟು ನಗ್ತಿದ್ರಿ?’ ನಾನು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಹೇಳುತ್ತಿರಲಿಲ್ಲ.

ಇಷ್ಟರಲ್ಲಿ ಡಾಕ್ಟರು ಒಂದು ದೂರು ತಂದರು. ಅಪ್ಪನ ಮಾತು ಒಂದು ಜಾಗದಲ್ಲಿ ನಿಲ್ಲುತ್ತಿಲ್ಲವಂತೆ. ಶುರುವಾದಲ್ಲಿಂದ ಮೆಲ್ಲಗೆ ಕೆಳಗೆ ಜಾರುತ್ತದೆ, ಡಾಕ್ಟರು ತಮ್ಮ ರಿಸೀವರಿನ ಮುಳ್ಳನ್ನು ಅದರ ಹಿಂದೆ ಹಿಂದೆ ಓಡಿಸಬೇಕು.

“ಶಿವಣ್ಣೋರೆ, ನೀವು ಗೋಣಿಬೀಡಲ್ಲಿ ಕೂತಿದ್ದೀರೋ, ಬಸ್ಸು ಹತ್ತಿದ್ದೀರೋ? ಘಾಟಿ ಇಳೀತಾನೇ ಇದ್ದೀರಲ್ಲ!”

ಅಪ್ಪ ಬೆಸುಗೆಗಳನ್ನೆಲ್ಲ ಮತ್ತೆ ಮಾಡಿದರು. ಗಂಗೆಯ ಕೈ ನಡುಗುತ್ತಿರಬಹುದು ಎಂದು ನಾನು ಒಳಗಿಂದ ಕೂಗಿ ಸಲಹೆ ಕೊಟ್ಟೆ. ಕಡೆಗೆ ಕಾರಣ ಹೇಳಿದವರು ಮತ್ತೆ ಡಾಕ್ಟರೇ, ಕೇಳಿದ್ದು ಒಂದೇ ಪ್ರಶ್ನೆ. ‘ನೀವು ಇಳಿಯೋಕೆ ಶುರು ಮಾಡೋ ಹೊತ್ತಿಗೆ ನಿಮ್ಮನೇಲಿ ಎಂತ ನಡೀತದೆ?’ ಏನು ನಡೆಯುತ್ತದೆ? ಒಲೆ ಉರಿಯುತ್ತದೆ. ಥಂಡಿ ತಾಗಬಾರದೆಂದು ಉಪ್ಪಿನ ಭರಣಿಯ ಬೆನ್ನಿಗೆ ಪೆಟ್ಟಿಗೆಯಿಟ್ಟರೆ, ತಗಡು ಕಾಯ್ದು ಪೆಟ್ಟಿಗೆಯೂ ಕಾಯುತ್ತದೆ, ಸುರುಳಿ ಹಿಗ್ಗುತ್ತದೆ, ಮಾತು ಘಾಟಿ ಇಳಿಯುತ್ತದೆ. ಬೇರೆ ಊರಿನವರಾದರೆ ಪೆಟ್ಟಿಗೆಯನ್ನು ದೂರ ಇಡುತ್ತಿದ್ದರು. ಅಪ್ಪನೂ ಅಂಗಡಿಯ ಗೋಡೆಗೆ ಇಟ್ಟು ನೋಡಿದರು. ಮಳೆಗಾಲ ಕಾಲಿಡುತ್ತಲೇ ಅದರೊಳಗೆ ಬೂಷ್ಟು ಬಂದು ಸೀಟಿಯೇ ನಿಂತಿತು. ಮತ್ತೆ ಗೂಡಿಗೇ ತಂದರು. ಪೆಟ್ಟಿಗೆ ಒಲೆಯ ಹಿಂದೆಯೇ ಇರಬೇಕು, ಹಾಗಾದರೆ ಒಲೆ ಪೆಟ್ಟಿಗೆಯ ಮಾತು ಕೇಳಬೇಕು, ಅಷ್ಟೇ ತಾನೆ ಎಂದು ತೀರ್ಮಾನ ಮಾಡಿದರು. ಪೂಜೆಗೆ ಕೂರುವ ಮುಂಚೆಯೇ ಒಲೆ ಹಚ್ಚಿ ತಗಡನ್ನು ಹದಕ್ಕೆ ತರಬೇಕು. ಆಮೇಲೆ ಮಾತು ಮುಗಿಯುವ ತನಕ ಉರಿ ಹೆಚ್ಚಬಾರದು, ಕುಗ್ಗಬಾರದು. ಉರಿ ಕಾಯುವವಳು ಯಾರು? ನಾನು!

ಅಲ್ಲಿಂದ ಮುಂದೆ ಡಾಕ್ಟರ ಹತ್ತಿರದ ಮಾತಿನ ನಡುವೆಯೇ ಅಪ್ಪನ ಕೂಗು ಗೋಡೆ ದಾಟಿ ಬರುತ್ತಿತ್ತು:

“ಗೌರೀ, ಒಂದು ಸೌದೆ ಎಳಿ!”

“ಗೌರೀ, ಘಾಟಿ ಹತ್ತೋಯ್ತು, ಸಣ್ಣದೊಂದು ಹಾಕು!”

ತಗಡಿಗೆ ಬುದ್ಧಿ ನಿಧಾನ. ಸೌದೆ ಎಳೆದ ಕೂಡಲೇ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಕೂಗು ಬರುವ ಮುಂಚೆಯೇ ಎಳೆಯಲು ಕಲಿತೆ. ಕಾಫಿ ಗಿಡದ ಒಣ ಬೊಡ್ಡೆ ಒಂದೇ ಸಮ ಉರಿಯುತ್ತದೆ, ಸಿಲ್ವರ್ ಮರದ ಚಕ್ಕೆ ಭಗ್ಗೆಂದು ಹತ್ತಿ ಮೋಸ ಮಾಡುತ್ತದೆ. ಇವೆಲ್ಲ ಕಲಿತೆ. ಕಲಿತೆನೆಂದು ನನಗೇನೂ ಹೆಮ್ಮೆಯಾಗಲಿಲ್ಲ. ಅವಳಿಗೆ ಗುಂಡಿ, ನನಗೆ ಸೌದೆ! ಅವಳ ಹೆಸರನ್ನು ಡಾಕ್ಟರು ಗಾಳಿಯಲ್ಲಿ ಕರೆದು ‘ಗಂಗಮ್ಮೋರೆ ನಮಸ್ಕಾರ’ ಎನ್ನುವರು. ನನ್ನ ಹೆಸರೂ ದಿನಾ ಮಂಗಳೂರಿನ ತನಕ ಹೋಗುತ್ತಿತ್ತು, ಆದರೆ ಸೌದೆಯ ಜೊತೆ.

ಒಂದು ಸಲ ಗಂಗೆ ಹೊರನಾಡಿಗೆ ಹರಕೆಯೆಂದು ಅವಳ ಮನೆಯವರ ಜೊತೆ ಹೋದಳು. ಅವಳು ಬಸ್ಸು ಹತ್ತಿದ ಬೆಳಗಿನಿಂದಲೇ ನಾನು ಕೈ ತಿಕ್ಕಿ ತೊಳೆದೆ. ಸಂಜೆ ಅಪ್ಪ ಪೂಜೆಯಿಂದ ಏಳುವಷ್ಟರಲ್ಲಿ ಡಬ್ಬಿಯ ಮೇಲೆ ಕೂತಿದ್ದೆ. ಅಪ್ಪ ನೋಡಿದರು, ಮೌನ ಮುರಿಯುವಂತಿಲ್ಲವಾದ್ದರಿಂದ ಬೇಡ ಎನ್ನಲಿಲ್ಲ. ಅಮ್ಮ ಒಲೆಯ ಮುಂದೆ. ನಾನು ಗುಂಡಿಯನ್ನು ತಿರುಗಿಸಲಿಲ್ಲ, ಸವರಿದೆ. ಸೀಟಿ ಎದ್ದಿತು, ಇಳಿಯಿತು, ಹಕ್ಕಿ, ಕಪ್ಪೆ, ಬೆಕ್ಕು, ನಿಂತಿತು! ಗಂಗೆಗಿಂತ ಬೇಗ! ಅಪ್ಪ ಮೈಕು ತೆಗೆದು ನಮಸ್ಕಾರ ಡಾಕ್ಟ್ರೆ ಎಂದರು. ಅಷ್ಟರಲ್ಲಿ ಒಳಗೆ ಅಮ್ಮ ಕಡುಬಿಗೆ ಹಬೆ ಸಾಲದೆಂದು ಊದುಗೊಳವೆ ತೆಗೆದುಕೊಂಡು ಊದಿದಳು, ಊದಿಯೇ ಊದಿದಳು. ಘಾಟಿ ಶುರುವಾಯಿತು. ನಾನು ಗುಂಡಿಯಲ್ಲಿ ಹಿಡಿಯಲು ಹೋದೆ, ಅದು ಇನ್ನೊಂದು ಕಡೆ ಹಾರಿತು. ರಿಸೀವರಿನಿಂದ ಡಾಕ್ಟರ ದನಿ, ನಗುತ್ತಾ, ತೀರಾ ಪ್ರೀತಿಯಿಂದ:

“ಏನು ಶಿವಣ್ಣೋರೆ, ಇವತ್ತು ಗಂಗೆ ಇಲ್ವಾ?”

ಅಪ್ಪನೂ ನಕ್ಕರು. ನಾನು ಎದ್ದೆ. ಅಡಿಗೆಮನೆಗೆ ಹೋಗಿ ಅಮ್ಮನ ಕೈಯಿಂದ ಊದುಗೊಳವೆ ಕಿತ್ತುಕೊಂಡು, ಎರಡು ಸೌದೆ ಹೊರಗೆಳೆದು, ಬೂದಿ ಮುಚ್ಚಿ, ಕಣ್ಣೀರನ್ನು ಹೊಗೆಯ ಲೆಕ್ಕಕ್ಕೆ ಹಾಕಿ ಕೂತೆ. ಸ್ವಲ್ಪ ಹೊತ್ತಿಗೆ ಆಚೆ ಕಡೆಯಿಂದ ಅಪ್ಪ ಕೂಗಿದರು, ‘ಹಾಂ! ಈಗ ಸರಿ ಆಯ್ತು ನೋಡು!’ ಯಾರಿಗೆ ಹೇಳಿದರೋ, ಡಾಕ್ಟರಿಗೋ ನನಗೋ, ಇವತ್ತಿಗೂ ಗೊತ್ತಿಲ್ಲ. ಆಮೇಲೆ ನಾನು ಆ ಡಬ್ಬಿಯ ಮೇಲೆ ಕೂರಲಿಲ್ಲ. ಅಪ್ಪ ಕರೆಯಲೂ ಇಲ್ಲ. ಗಂಗೆ ಬಂದಳು, ಪ್ರಸಾದದ ಪೊಟ್ಟಣ ಕೊಟ್ಟಳು, ಕೂತಳು.

ಕಾಲ ಹೋಯಿತು. ಗಂಗೆ ಮದುವೆಯಾಗಿ ಕಳಸಕ್ಕೇ ವಾಪಸು ಹೋದಳು. ಡಾಕ್ಟರ ದನಿ ಒಂದು ಸಂಜೆ ಬರಲಿಲ್ಲ, ಮತ್ತೆ ಬರಲೇ ಇಲ್ಲ. ಅಪ್ಪ ಇನ್ನೂ ಸ್ವಲ್ಪ ಕಾಲ ಪೂಜೆ ಮುಗಿಸಿ ಮೇಜಿನ ಮುಂದೆ ಕೂರುತ್ತಿದ್ದರು. ಅಪ್ಪ ಹೋದ ಮೇಲೆ ಎರಡೂ ಪೆಟ್ಟಿಗೆಗಳನ್ನು, ರಿಸೀವರನ್ನು ಗೋಣಿಯಲ್ಲಿ ಸುತ್ತಿ ನಾನೇ ಅಟ್ಟ ಹತ್ತಿಸಿದೆ. ಗೂಡಿನ ಆ ಪಾಲಿಗೆ ನನ್ನ ಮಾತ್ರೆ ಡಬ್ಬಿ ಬಂತು. ಆದರೆ ಹೊಟ್ಟೆಕಿಚ್ಚು ಅಟ್ಟ ಹತ್ತಲಿಲ್ಲ. ಗಂಗೆಯ ಸೊಸೆ ಕುಕ್ಕರು ಕೊಂಡರೆ ನನಗೆ ಅದಕ್ಕಿಂತ ದೊಡ್ಡ ಕುಕ್ಕರು. ಅವಳ ಕಣ್ಣಿನ ಪೊರೆ ಆಪರೇಷನ್ ಚೆನ್ನಾಗಿ ಆಯಿತೆಂದರೆ, ನನ್ನದು ಯಾಕೆ ಇನ್ನೂ ಬಲಿತಿಲ್ಲ ಎಂದು ಕಣ್ಣಿನ ಡಾಕ್ಟರ ಹತ್ತಿರ ಜಗಳ.

ಸಿಂಚನ ನನ್ನ ಮಗನ ಮಗಳು. ಡಿಪ್ಲೊಮಾ ಓದುತ್ತಾ, ಯಾರೂ ಹೇಳದೆ ಕೇಳದೆ, ಮುತ್ತಜ್ಜ ಬರೆದ ಅದೇ ಪರೀಕ್ಷೆ ಬರೆದು ಪರವಾನಗಿ ತಂದಳು. ತಂದು ನನ್ನ ಮಡಿಲಲ್ಲಿ ಇಟ್ಟಾಗ ನನಗೆ ಅಳು ನಗು ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿತು. ಅಟ್ಟದಿಂದ ಎಲ್ಲವನ್ನೂ ಇಳಿಸಿದಳು. ಇಲಿ ಕಡಿದ ತಂತಿ ತೆಗೆದಳು, ಒಳಗೆ ಊದಿಕೊಂಡಿದ್ದ ಸಿಲಿಂಡರಿನಂಥ ಚೂರುಗಳನ್ನು ಬದಲಾಯಿಸಿದಳು. ಎರಡು ಪೆಟ್ಟಿಗೆಗಳನ್ನೂ ಜೋಡಿಸುವಾಗ ನಾನು ಪಕ್ಕದಲ್ಲಿದ್ದೆ. ಹೊಸ ತಂತಿ ಹಾಕಿದಳು, ಅದರ ಬಲೆಯನ್ನು ಕಬ್ಬಿಣದ ಮೈಗೆ ಬೆಸೆದಳು, ಬಿಲ್ಲೆಯ ತೂತಿಗೆ ಚುಚ್ಚಿದಳು, ಮಾತು ಹೋಗುವ ಕಡೆ ಬಲ್ಬು ಕಟ್ಟಿದಳು.

“ಅಜ್ಜಿ, ದೀಪ ನೋಡ್ತಾ ಇರು. ಹತ್ತಿದ್ರೆ ಹೇಳು.”

ಅವಳಿಗೆ ಯಾರು ಹೇಳಿಕೊಟ್ಟಿದ್ದರು ಆ ಮಾತನ್ನು? ಯಾರೂ ಇಲ್ಲ. ದೀಪ ಹತ್ತಿತು. ‘ಹತ್ತಿತು’ ಎನ್ನುವುದನ್ನೇ ಮರೆತು ನಾನು ಚಪ್ಪಾಳೆ ತಟ್ಟಿದೆ. ಮಗ ಅಂಗಡಿ ಬಿಟ್ಟು ಓಡಿಬಂದ, ಅಮ್ಮನಿಗೆ ಏನಾಯಿತೋ ಎಂದು.

ಪೆಟ್ಟಿಗೆ ಹಳೆಯ ಚಾಳಿ ಬಿಟ್ಟಿರಲಿಲ್ಲ. ತಣ್ಣಗಿನ ಮೇಜಿನ ಮೇಲೆ ಇಟ್ಟರೆ ತನ್ನ ಶಾಖಕ್ಕೆ ತಾನೇ ಜಾರುತ್ತಿತ್ತು. ಸಿಂಚನ ಥರ್ಮೋಕೋಲ್ ಸುತ್ತುತ್ತೇನೆ ಎಂದಳು. ನಾನು ಗೂಡಿನ ಕಥೆ, ಸೌದೆಯ ಕಥೆ ಎಲ್ಲ ಹೇಳಿದೆ. ನಮ್ಮಲ್ಲಿ ಗ್ಯಾಸು ಬಂದು ಕಾಲವಾದರೂ ಸ್ನಾನದ ನೀರಿಗೆ, ನನ್ನ ರೊಟ್ಟಿಗೆ ಹಳೆಯ ಒಲೆ ಇನ್ನೂ ಇದೆ. ಅವಳ ಕಣ್ಣು ಅರಳಿತು.

“ಹಂಗಾದ್ರೆ ಗೂಡಲ್ಲೇ ಇಡೋಣ ಅಜ್ಜಿ. ಮುತ್ತಜ್ಜ ಮಾಡ್ದಂಗೇ ಮಾಡೋಣ. ಗಂಗಜ್ಜಿಗೂ ಫೋನ್ ಮಾಡ್ತೀನಿ, ಅವ್ರಲ್ವಾ ಗುಂಡಿ ತಿರುಗಿಸ್ತಿದ್ದಿದ್ದು?”

ನನ್ನ ಸಂತೋಷದ ಹಾಲಿಗೆ ಹುಳಿ ಬಿತ್ತು. ‘ಅವಳಿಗೆ ವಯಸ್ಸಾಯ್ತು, ಕಳಸದಿಂದ ಯಾಕೆ ಅಲ್ಲಾಡಿಸ್ತೀಯೆ’ ಎಂದೆ. ‘ನಿನಗಿಂತ ಎಷ್ಟು ದೊಡ್ಡವರಜ್ಜಿ?’ ಎಂದು ಅವಳು ಫೋನು ಒತ್ತಿಯೇ ಬಿಟ್ಟಳು.

ಗಂಗೆ ಬಂದಳು. ಬಸ್ಸಿನಿಂದ ಇಳಿದವಳೇ, ಬಾಳೆಹಣ್ಣಿನ ಚೀಲ ನನ್ನ ಕೈಗೆ ತುರುಕಿ, ಚಪ್ಪಲಿ ಬಿಟ್ಟು, ಅಂಗಡಿ ದಾಟಿ, ನೆಟ್ಟಗೆ ನಡುಮನೆಗೆ. ಬೋರಲು ಡಬ್ಬಿ ಎಂದೋ ತುಕ್ಕು ಹಿಡಿದು ಹೋಗಿತ್ತು. ಅಲ್ಲಿದ್ದದ್ದು ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಗೋಣಿ ಮಡಿಸಿ ಹಾಕಿದ್ದವಳು ನಾನು. ಅವಳ ಕಾಲು ಆ ಕಡೆ ಹೋಗುವುದನ್ನು ಕಂಡದ್ದೇ ನನ್ನ ಮಂಡಿಗೆ ಎಲ್ಲಿಂದ ಜೀವ ಬಂತೋ. ಬಾಳೆಹಣ್ಣಿನ ಚೀಲ ಸಮೇತ ಹೋಗಿ ಕೂತುಬಿಟ್ಟೆ.

“ಏಯ್, ಏಳೆ. ಅದು ನನ್ನ ಜಾಗ,” ಎಂದಳು ಗಂಗೆ.

“ಯಾವ ಕಾಲದಲ್ಲಿ?”

“ಮಾವ ಕೂರಿಸಿದ್ದು ನನ್ನ.”

“ಮಾವನ ಮೊಮ್ಮಗನ ಮನೆ ಇದು. ಕೂರಿಸೋಳು ನನ್ನ ಮೊಮ್ಮಗಳು.”

“ನಿನ್ನ ಕೈ ಸಕ್ಕರೆ ಡಬ್ಬಿ...”

“ಹೇಳು, ಹೇಳು ನೋಡೋಣ! ಪೂರ್ತಿ ಹೇಳು!”

ಸಿಂಚನ ಇಬ್ಬರ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ‘ಇವತ್ತು ಗೌರಜ್ಜಿ ಗುಂಡಿಗೆ. ಗಂಗಜ್ಜಿ ಒಲೆಗೆ. ಮಾತಾಡೋದು ಮಾತ್ರ ನಾನು, ಪರವಾನಗಿ ನಂದು’ ಎಂದು ತೀರ್ಪು ಕೊಟ್ಟಳು. ಗಂಗೆ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡಿಗೆಮನೆಗೆ ಹೋದಳು. ಹೋದಳು! ಗೋಡೆಯ ಆಚೆ ಅವಳು ಸೌದೆ ಸರಿಸುವ ಸದ್ದು ಕೇಳಿದಾಗ ನನಗಾದ ಸುಖವನ್ನು ಹೇಳಿದರೆ ನಾಚಿಕೆ, ಹೇಳದಿದ್ದರೆ ಸುಳ್ಳು.

ಮಂಗಳೂರಿನಲ್ಲೇ ಸಿಂಚನಳ 'ಗಾಳಿ ಗೆಳತಿ' ಒಬ್ಬಳು ಕಾದಿದ್ದಳು. ಗುರುತಿಗೆಂದು ಅವಳು ತನ್ನ ಪೆಟ್ಟಿಗೆ ಚಾಲೂ ಮಾಡಿ ಇಟ್ಟಳು. ನಾನು ಗುಂಡಿಯ ಮೇಲೆ ಬೆರಳಿಟ್ಟೆ. ತಿರುಗಿಸಲಿಲ್ಲ, ಸವರಿದೆ. ಎದ್ದಿತು ಸೀಟಿ! ಗೋಡೆಯ ಈಚೆ ಕೂತು ಬೆಳೆದ ಕಿವಿ ನನ್ನದು, ಅದು ಇನ್ನೂ ಹೋಗಿಲ್ಲ. ಹಕ್ಕಿ. ಕಪ್ಪೆ. ಬೆಕ್ಕು. ಬೆಕ್ಕಿನ ಹತ್ತಿರ ಬಂದು ಇನ್ನೇನು ನಿಲ್ಲಬೇಕು, ತಾನಾಗಿಯೇ ಜಾರತೊಡಗಿತು. ಉರಿ ಹೆಚ್ಚಾಯಿತು. ಸಿಲ್ವರ್ ಚಕ್ಕೆ ಹಾಕಿದ್ದಾಳೆ, ಪೆದ್ದಿ! ನಾನು ಎದೆ ತುಂಬ ಉಸಿರು ತೆಗೆದುಕೊಂಡು, ಇಡೀ ಗೋಣಿಬೀಡಿಗೆ ಕೇಳುವ ಹಾಗೆ ಕೂಗಿದೆ:

“ಗಂಗೇ, ಒಂದು ಸೌದೆ ಎಳಿ!”

“ಎಳೀತೀನಿ, ಬಾಯಿ ಮುಚ್ಚೆ ದೊರೆಸಾನಿ!”

“ಬೊಡ್ಡೆ ಹಾಕು! ಚಕ್ಕೆ ಹಾಕ್ಬೇಡ!”

“ಎಲ್ಲಿದೆ ಬೊಡ್ಡೆ? ನಂಗೆಂತ ಗೊತ್ತು ನಿನ್ನ ಒಲೆ ವಿಷ್ಯ? ಸಿಂಚನಾ, ಬಾ ಪುಟ್ಟಿ, ಇಲ್ಲಿ ಹೊಗೆಲಿ ಸಾಯ್ತಿದೀನಿ!”

ಸಿಂಚನ ಮೈಕನ್ನು ಮೇಜಿನ ಮೇಲಿಟ್ಟು, ‘ಅಜ್ಜಿ, ಗುಂಡಿ ಬಿಡ್ಬೇಡ, ಈಗ ಬಂದೆ’ ಎಂದು ಒಳಗೆ ಓಡಿದಳು. ತಗಡಿಗೆ ಬುದ್ಧಿ ನಿಧಾನವೆಂದು ನನಗೆ ಗೊತ್ತು, ಕಾದೆ. ಗುರುಗುರು ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು, ನಿಂತಿತು. ಅದೇ ‘ಏನೂ ಇಲ್ಲ’. ಅಪ್ಪ ಇದ್ದಿದ್ದರೆ ಭಲೇ ಎನ್ನುತ್ತಿದ್ದರೋ ಏನೋ. ಮನೆಯೆಲ್ಲ ನಿಶ್ಶಬ್ದವಾದ ಹಾಗಾಯಿತು. ಆ ನಿಶ್ಶಬ್ದದಲ್ಲಿ ಗೋಡೆಯ ಆಚೆಯಿಂದ ನಗು ಕೇಳಿತು. ಗಂಗೆ ಏನೋ ಹೇಳಿದಳು, ದನಿ ಮಾತ್ರ ಗೊತ್ತಾಯಿತು, ಮಾತು ಗೊತ್ತಾಗಲಿಲ್ಲ. ಸಿಂಚನ ಗೊಳ್ಳೆಂದಳು, ಸೌಟು ಕೆಳಗೆ ಬಿತ್ತು, ಮತ್ತೆ ಇಬ್ಬರೂ ನಕ್ಕರು. ನನ್ನ ನಡಿಗೆ ಮಾಡಿ ತೋರಿಸುತ್ತಿದ್ದಾಳೇನೋ ಅವಳು, ನನ್ನ ಮೊಮ್ಮಗಳಿಗೆ, ನನ್ನ ಒಲೆಯ ಮುಂದೆ. ಎದ್ದು ಹೋಗಿ ನೋಡೋಣವೆಂದರೆ ಗುಂಡಿ ಬಿಡುವಂತಿಲ್ಲ.

“ಎಂತಕ್ಕೆ ನಗ್ತಿದೀರೇ ಅಷ್ಟು?” ಎಂದು ಕೂತಲ್ಲಿಂದಲೇ ಕೂಗಿದೆ.

ಇಬ್ಬರೂ ಹೇಳಲಿಲ್ಲ.